ಚಿಗವ್ವನ ಎದೆಯೊಳಗಿನ ಗುರುಗುರು

ಈಗಲೂ ಬೆಕ್ಕು ತೊಡೆಯೇರಿ ಗುರುಗುಟ್ಟಿದರೆ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತದೆ.

ನನಗಾಗ ಎಂಟು ವರ್ಷ. ಅವ್ವನ ತಂಗಿ, ನನ್ನ ಚಿಗವ್ವ, ಚೊಚ್ಚಲ ಹೆರಿಗೆಗೆಂದು ಅಫಜಲಪುರದ ಅಜ್ಜಿಯ ಮನೆಗೆ ಬಂದಿದ್ದಳು. ಆ ಮಧ್ಯಾಹ್ನ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅಡ್ಡಾದರೆ ಉಸಿರು ಕಟ್ಟುತ್ತಿತ್ತು. ಕೆನ್ನೆಗಳು ಮಾತ್ರ ಕುಂಕುಮ ತೀಡಿದಂತೆ ಕೆಂಪಗಿದ್ದವು. ಓಣಿಯ ಹೆಂಗಸರು ಅದನ್ನು ಬಸರಿ ಕಳೆ ಎಂದು ಹೊಗಳುತ್ತಿದ್ದರು.

ಚಿಗವ್ವ ಕಣ್ಣು ತೆರೆದವಳೇ ನನ್ನ ಅಂಗೈಯನ್ನು ತನ್ನ ಎಡ ಎದೆಯ ಕೆಳಗೆ ಒತ್ತಿಕೊಂಡಳು. "ಇಲ್ಲಿ ಏನರ ತಿಳಿತೈತೇನಬೇ?"

ಬೆವರಿಗೆ ಅಂಟಿದ ಸೀರೆ, ಅದರಡಿ ಎಲುಬು. ಎಲುಬಿನಾಚೆ ಏನೋ ಬೆಕ್ಕಿನ ಹಾಗೆ ಗುರುಗುಡುತ್ತಿತ್ತು. ನಿಂತು, ಮತ್ತೆ ಗುರುಗುಡುತ್ತಿತ್ತು.

"ಕೂಸು ಮ್ಯಾಲ ಹತ್ತೈತೇನ್ ಚಿಗವ್ವ?"

"ಯಾರಿಗೂ ಹೇಳಬ್ಯಾಡ, ಅಂಜತಾರ," ಎಂದು ನಕ್ಕಳು. ನಗು ಕೆಮ್ಮಾಯಿತು. ಸೆರಗಿನ ಮೇಲೆ ನಸುಗೆಂಪು ನೊರೆ ಬಿತ್ತು.

ನಾನು ಓಡಿಹೋಗಿ ಅಜ್ಜಿಗೆ ಎಲ್ಲ ಹೇಳಿಬಿಟ್ಟೆ. ಅಜ್ಜಿ ಬಂದು ಅಲ್ಲೇ ಕೈಯಿಟ್ಟಳು, ಕೆಂಡ ತಾಕಿದಂತೆ ತೆಗೆದಳು. ದವಾಖಾನೆಗೆ ಒಯ್ಯಲು ಆಗಲೇ ಓಣಿಯವರನ್ನು ಕೂಗಿ ಜೀಪು ತರಿಸಿದಳು.

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಹೃದಯದ ಕವಾಟ ಕಿರಿದಾಗಿದೆ, ರಕ್ತ ಅದರಲ್ಲಿ ನುಗ್ಗುವಾಗ ಹಾಗೆ ಗುರುಗುಡುತ್ತದೆ ಎಂದರು. "ಸಣ್ಣಾಕಿದ್ದಾಗ ಜ್ವರ, ಕೀಲುನೋವು ಬಂದಿತ್ತೇನ್ರಿ?"

"ಬಂದಿತ್ರಿ ಸಾಹೇಬ್ರ. ಬೆಳಿಯೋ ನೋವಂತ ತಿಳದು ಎಣ್ಣಿ ತಿಕ್ಕಿದ್ದೆ," ಎಂದಳು ಅಜ್ಜಿ. ಆ ಜ್ವರವೇ ಆಗ ಕವಾಟಕ್ಕೂ ತಾಗಿತ್ತು ಎಂದರು ಡಾಕ್ಟರು.

ತೊಡೆಯ ರಕ್ತನಾಳದ ಮೂಲಕ ಹೃದಯಕ್ಕೆ ಸಣ್ಣ ಬಲೂನು ತೂರಿಸಿ, ಅದನ್ನು ಉಬ್ಬಿಸಿ ಕವಾಟ ಅಗಲಿಸಿದರು. ತಾಯಿ, ಕೂಸು ಇಬ್ಬರೂ ಉಳಿದರು. ಆಮೇಲೆ ಮೊಮ್ಮಕ್ಕಳಲ್ಲಿ ಯಾರೇ ಮೊಣಕಾಲು ನೋವೆಂದರೂ ಅಜ್ಜಿ ನಮ್ಮ ಎದೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಬಹಳ ಹೊತ್ತು ಕೂತಿರುತ್ತಿದ್ದಳು. ಅವಳು ಕೈ ತೆಗೆಯುವವರೆಗೆ ನಾವು ಉಸಿರು ಬಿಡಲೂ ಹೆದರುತ್ತಿದ್ದೆವು.