ಹೇಳಬೇಕಾದವರು

"ರೆಕಾರ್ಡ್ ಆಗ್ತಾ ಇದೆಯೇನೇ, ನಿವಿ?" ಚಕ್ರಪಾಣಿ ಮತ್ತೆ ಕೇಳಿದರು.

"ಆಗ್ತಿದೆ ಮಾವ, ಹೇಳಿ," ಎಂದು ನಿವೇದಿತಾ ಆಕಳಿಕೆ ನುಂಗಿಕೊಂಡಳು. ವಾರವಿಡೀ ಮೆಲ್ಬರ್ನ್ ಆಫೀಸಿನಲ್ಲಿ ಜನರನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದು, ಕೆಲಸ ಹೋಯಿತೆಂದು ಹೇಳಿ ಹೇಳಿ ಅವಳ ದನಿ ಬಿದ್ದುಹೋಗಿತ್ತು. ಅವಳ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತ್ತು. ಎಚ್‌ಆರ್ ಮ್ಯಾನೇಜರ್ ಎಂದಮೇಲೆ ಹೇಳುವ ಕೆಲಸ ಅವಳದೇ. ಪಟ್ಟಿಯಲ್ಲಿ ಇನ್ನು ಉಳಿದಿದ್ದವನು ಅವಳದೇ ಸಿಡ್ನಿ ಆಫೀಸಿನ ಶ್ರೀನಾಥ್ ಒಬ್ಬನೇ. ಎಷ್ಟೋ ವರ್ಷಗಳಿಂದ ಅವಳ ಪಕ್ಕದ ಮೇಜಿನವನು. ಅವನಿಗೆ ಯಾರೂ ಏನೂ ಹೇಳುವಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನ ಲಾಗಿನ್ ಬಂದ್ ಆಗುತ್ತದೆ, ಆಮೇಲೆ ಇಮೇಲ್ ಹೋಗುತ್ತದೆ. ಮೇಲಿನವರ ಆಜ್ಞೆ. ಅವಳಿಗೆ ಒಳಗೊಳಗೇ ಹಾಯೆನಿಸಿತ್ತು.

ಭಾನುವಾರ ಸಿಡ್ನಿಗೆ ಮರಳುವ ಮುನ್ನ ಮೆಲ್ಬರ್ನ್ ಪಕ್ಕದ ವೆರಿಬೀಯಲ್ಲಿ ಮಗನ ಮನೆಯಲ್ಲಿರುವ ಸೋದರಮಾವನನ್ನು ನೋಡಲು ಬಂದಿದ್ದಳು. ತೊಂಬತ್ತರ ಮಾವ ಪ್ರಾಯದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಿಂದ ಇಂಗ್ಲೆಂಡಿಗೆ ತರಬೇತಿಗೆ ಹೋಗಿದ್ದವರು. ಅಲ್ಲಿನ ವೆಲ್‌ಬೋರ್ನ್ ಕಂಪನಿಯ ಕಥೆ ಈಗ ಯಾರಿಗೂ ಗೊತ್ತಿಲ್ಲ, ತಾವು ಹೋಗುವುದರೊಳಗೆ ಹೇಳಿಡಬೇಕು ಎಂಬುದೊಂದೇ ಅವರ ಹಟ.

"ಮೊದಲು ಅವರು ದೋಣಿ ಮಾಡ್ತಿದ್ರು ಕಣೇ. ಯುದ್ಧ ಬಂತು, ಆ ಬಡಗಿಗಳೇ ವಿಮಾನದ ರೆಕ್ಕೆ ಮಾಡೋಕೆ ಕೂತ್ರು. ಯುದ್ಧ ಮುಗೀತು, ಬರ್ತಾ ಬರ್ತಾ ಆರ್ಡರ್ ನಿಂತ್ಹೋಯ್ತು. ನಾನಲ್ಲಿದ್ದಾಗಲೇ ಇನ್ನೊಂದು ಕಂಪನಿ ಬಂದು ನುಂಗಿಹಾಕ್ತು. ರೆಕ್ಕೆ ವಿಭಾಗದಲ್ಲಿ ಆರ್ಥರ್ ಅಂತ ಒಬ್ಬ ಇದ್ದ. ನನಗೆ ರಿವೆಟ್ ಮೊಳೆ ಹೊಡೆಯೋದು ಕಲಿಸಿದೋನು. ಮೊದಲನೇ ಚಳಿಗಾಲ ನಾನು ನಡುಗ್ತಿದ್ರೆ ತನ್ನ ಕೋಟೇ ಬಿಚ್ಚಿಕೊಟ್ಟಿದ್ದ."

ಮಾವ ಉಸಿರು ತೆಗೆದುಕೊಂಡರು.

"ಗೇಟ್ ಹತ್ರ ಗೋಡೆ ಮೇಲೆ ಎಲ್ಲರ ಹಾಜರಿ ಕಾರ್ಡೂ ಇರ್ತಿತ್ತು. ಒಂದು ಸೋಮವಾರ ಆರ್ಥರ್ ಕಾರ್ಡಿಲ್ಲ. ಸಾಲು ತಪ್ಪಿರಬೇಕು ಅಂದ್ಕೊಂಡ. ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ. ಕನ್ನಡಕ ಒರೆಸ್ಕೊಂಡು ಮತ್ತೆ ಮೊದಲಿಂದ ಹುಡುಕಿದ. ಹಿಂದೆ ಕ್ಯೂ ಬೆಳೀತಾ ಇತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ."

"ಕೆಲಸ ಹೋಗಿದೆ ಅಂತ ಮೊದಲೇ ಯಾರೂ ಹೇಳಿರಲಿಲ್ವಾ ಮಾವ?"

"ಹೇಳೋಕೆ ಅಂತ ಒಬ್ಬ ಆಫೀಸರ್ ಇದ್ದನಂತೆ. ಅವತ್ತು ಅವನು ಬರಲೇ ಇಲ್ಲ."

ನಿವೇದಿತಾ ರೆಕಾರ್ಡಿಂಗ್ ನಿಲ್ಲಿಸಿದಳು. ಕಣ್ಣು ಉರಿಯುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಎಂದುಕೊಂಡಳು.

ಭಾನುವಾರ ಸಿಡ್ನಿಯಲ್ಲಿ ಇಳಿದವಳು ದಿ ಪಾಂಡ್ಸ್ ಬಡಾವಣೆಯ ತನ್ನ ಮನೆಗೆ ಹೋಗಲಿಲ್ಲ. ಟ್ಯಾಕ್ಸಿಯವನಿಗೆ ಶ್ರೀನಾಥನ ಮನೆಯಿರುವ ಮಾರ್ಸ್ಡನ್ ಪಾರ್ಕಿಗೆ ಹೋಗಲು ಹೇಳಿದಳು. ಬಾಯಿ ಬಿಟ್ಟರೆ ತನ್ನ ಕೆಲಸಕ್ಕೇ ಸಂಚಕಾರ ಎಂಬುದು ಗೊತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಒಂದೂ ನಿಲ್ಲಲಿಲ್ಲ.

ಶ್ರೀನಾಥ್ ಮನೆ ಮುಂದೆ ಹೊಸದಾಗಿ ಹಾಸಿದ ಹುಲ್ಲಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದ.

"ಅರೆ, ನಿವೇದಿತಾ! ಏರ್‌ಪೋರ್ಟಿಂದ ಸೀದಾ ಬಂದ್ರಾ?" ಎಂದು ನಕ್ಕ.

ಅವಳು ಸೂಟ್‌ಕೇಸಿನ ಹಿಡಿ ಬಿಡದೆ ನಿಂತಳು. ಮೆಲ್ಬರ್ನ್‌ಗೆ ಅವಳು ಯಾಕೆ ಹೋಗಿದ್ದಳೆಂಬುದು ಅವನಿಗೂ ಗೊತ್ತಿತ್ತು.

ಅವನ ನಗು ಅರ್ಧಕ್ಕೇ ನಿಂತಿತು. ಪೈಪನ್ನು ಕೆಳಗಿಟ್ಟು ಹೋಗಿ ನಲ್ಲಿ ತಿರುಗಿಸಿದ. ನೀರು ನಿಂತಮೇಲೂ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದ. ಆಮೇಲೆ ಬಂದು ಅವಳ ಕೈಯಿಂದ ಸೂಟ್‌ಕೇಸ್ ತೆಗೆದುಕೊಂಡ.

"ಒಳಗ್ ಬನ್ನಿ. ಮೊದಲು ಕಾಫಿ ಕುಡೀರಿ," ಎಂದ. "ಆಮೇಲೆ ಹೇಳಿ."