ಗುರುಸಿದ್ದನ ಮಡಿ

ಸಾವಂತ್ರವ್ವ ಅಣ್ಣನಿಗೆ ಹೇಳಲು ಬಂದದ್ದು ಒಂದೇ ಮಾತು: ಮಗಳ ಮದುವೆಗೆ ನೀನು ಬರಬೇಡ. ಆದರೆ ಖಾನಾಪುರದ ಹೊರಗಿನ ಆ ಕುಷ್ಠರೋಗಿಗಳ ಆಶ್ರಮದಲ್ಲಿ ಗುರುಸಿದ್ದ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. ಸೀದಾ ಹಿತ್ತಲಿಗೆ ಕರೆದೊಯ್ದ.

“ನೋಡ ತಂಗಿ, ಇದೆಲ್ಲಾ ಬರೇ ಕಲ್ಲು ಮುರಮು ಇತ್ತು. ಕಸಾನೂ ಬೆಳೀತಿರಲಿಲ್ಲ. ಅಗೀಬೇಕಂದ್ರ ಗುದ್ದಲಿ ಹಿಡ್ಯಾಕ ನನಗ ಬೆರಳೆಲ್ಲಿ ಅದಾವು? ಅದಕ್ಕ ಅಗೀಲೇ ಇಲ್ಲ. ಸುತ್ತ ಕಲ್ಲಿಟ್ಟು ಮಡಿ ಎಬ್ಬಿಸಿದೆ. ಹಳೇ ರಟ್ಟು, ಪೇಪರು ಹಾಸಿ ತೋಯಿಸಿದೆ. ಮ್ಯಾಲ ಸಗಣಿ, ತರಗು, ಭತ್ತದ ಹುಲ್ಲು, ಹಿಂಗ ಪದರಿನ ಮ್ಯಾಲ ಪದರು. ಎರಡ ಮಳಿಗಾಲ ಕೊಳೀತು. ಈಗ ನೋಡು.”

ಮೊಂಡುಗೈಯಿಂದ ಹುಲ್ಲು ಸರಿಸಿದ. ಕೆಳಗೆ ಕರಿ ಮಣ್ಣು, ಮಿಸುಕಾಡುವ ಎರೆಹುಳ. ಗಿಡದ ತುಂಬ ಮಿರಿಮಿರಿ ಮಿಂಚುವ ಬದನೆಕಾಯಿ, ಬಳ್ಳಿಯಲ್ಲಿ ಎಳೆ ಸವತೆಕಾಯಿ.

“ಹೊಸಾ ಗುಳಿಗಿಲೆ ರೋಗ ಪೂರಾ ಹೋಗೇತಿ ಅಂದಾರ ಡಾಕ್ಟರು. ಮದುವಿ ಸುದ್ದಿ ನನಗೂ ಮುಟ್ಟೇತಿ, ಪಲ್ಯಾಕ ಬದನಿಕಾಯಿ ಎಲ್ಲಾ ನಂದ. ಸೋದರಮಾವ ಅದೀನಿ, ಬರಿಗೈಲೆ ಬರಲೇನು?”

“ಅಣ್ಣಾ…” ಸಾವಂತ್ರವ್ವ ತಲೆ ಎತ್ತಲಿಲ್ಲ. “ಬೀಗರಿಗೆ ನೀ ಸತ್ತಿ ಅಂತ ಹೇಳೇವಿ.”

ಗುರುಸಿದ್ದ ಸರಿಸಿದ ಹುಲ್ಲನ್ನು ತಿರುಗಿ ಮಣ್ಣಿನ ಮೇಲೆ ಎಳೆದ. ಮುಚ್ಚಿದ ಮೇಲೂ ಬಹಳ ಹೊತ್ತು ಮುಚ್ಚುತ್ತಲೇ ಇದ್ದ. ಆಮೇಲೆ ಎದ್ದು ಒಂದು ಚೀಲದ ತುಂಬ ಕಾಯಿ ಹರಿದು ತಂದು ಅವಳ ಮುಂದಿಟ್ಟ.

“ನನ್ನ ಹೆಸರು ಹೇಳಬ್ಯಾಡ. ಸಂತ್ಯಾಗ ತಂದೆ ಅನ್ನು.”

ಬೆಳಗಾವಿ ಬಸ್ಸಿನಲ್ಲಿ ಅವಳು ಆ ಚೀಲವನ್ನು ಕಾಲಿನಿಂದಲೇ ಸೀಟಿನ ಕೆಳಗೆ ತಳ್ಳಿದಳು. ಇಳಿದು ನಾಲ್ಕು ಹೆಜ್ಜೆ ಹಾಕಿದ್ದಳಷ್ಟೆ, ಕಂಡಕ್ಟರ್ ಚೀಲ ಹಿಡಿದು ಓಡಿ ಬಂದ.

“ಅಕ್ಕಾರ, ನಿಮ್ಮ ಚೀಲಾ!”

“ನಂದಲ್ಲರೀ.”

“ಹಂಗಾದ್ರ ಯಾರದೋ ಏನೋ. ಕೆಡಸೂದ್ಯಾಕ, ನಮ್ಮ ಹುಡುಗರರ ತಿಂತಾವು.” ಅವನು ಒಂದು ಸವತೆಕಾಯಿ ತೆಗೆದು ಖಾಕಿ ಅಂಗಿಗೆ ಒರೆಸಿ ಕಟಕ್ಕನೆ ಕಡಿದ. ಕಣ್ಣರಳಿಸಿದ. “ಏನ್ ರುಚಿರೀ ಇದು! ಬಂಗಾರದಂಥಾ ಮಣ್ಣಿನ್ಯಾಗ ಬೆಳದಾರ ನೋಡ್ರಿ.” ಇನ್ನೊಂದನ್ನು ತೆಗೆದು ಅವಳತ್ತ ಚಾಚಿದ. “ಹಿಡೀರಿ, ನೀವೂ ತಿನ್ರಿ.”

“ಬ್ಯಾಡ್ರೀ, ಊಟ ಆಗೇತಿ” ಅಂದಳು ಸಾವಂತ್ರವ್ವ.

ಬೆಳಿಗ್ಗೆ ಅನಗೋಳದ ತನ್ನ ಮನೆ ಬಿಟ್ಟಾಗಿನಿಂದ ಅವಳ ಬಾಯಿಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ.