ಹನ್ನೊಂದು ನಿಮಿಷದ ಕರೆ

ಶಶಿಕುಮಾರ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

"ಇನ್ನೊಮ್ಮೆ ಓದೋಕೆ ಹೇಳು," ಎಂದ.

ಧ್ವನಿಮುದ್ರಣದ ಜುಲ್ಫಿಕಾರ ಅವನನ್ನೇ ನೋಡಿದ. "ಎರಡು ಸರ್ತಿ ಓದ್ಯಾಳ್ರಿ ಸರ. ಛಲೋ ಓದ್ಯಾಳ."

"ಇನ್ನೊಮ್ಮೆ."

ಗಾಜಿನಾಚೆ ಕುಳಿತ ಹುಡುಗಿ ಹವಾಮಾನ ವರದಿಯನ್ನು ಮತ್ತೆ ಓದಿದಳು. ತಗ್ಗಿದ ದನಿ. ವಾಕ್ಯ ಮುಗಿಯುವ ಮೊದಲೇ ಚೂರು ಉಸಿರೆಳೆದುಕೊಳ್ಳುವ ರೀತಿ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಎಂಟು ವರ್ಷಗಳಿಂದ ಅವನ ತಲೆಯೊಳಗೆ ಮಾತಾಡುತ್ತಿದ್ದ ದನಿಯೇ ಅದು. ಸತ್ತವಳ ದನಿ.

ವಾಹಿನಿ ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಹುಬ್ಬಳ್ಳಿ-ಧಾರವಾಡದ ನಡುವೆ, ನವನಗರದ ಹೊಸ ಕಟ್ಟಡಕ್ಕೆ ಬಂದಿತ್ತು. ಹಳೆಯ ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲು ಜನ ಬರಲೊಲ್ಲೆ ಎಂದರು. ಈ ಕಡೆಯ ಮಾತು ಬಲ್ಲ ಈ ಕಡೆಯವರನ್ನೇ ತೆಗೆದುಕೊಳ್ಳಿ ಎಂದರು ಮಾಲೀಕರು. ಆಯ್ಕೆಯ ಹೊಣೆ ಶಶಿಕುಮಾರನ ಹೆಗಲಿಗೆ ಬಿತ್ತು. ಅವನೂ ಬರಲೊಲ್ಲೆ ಎಂದಿದ್ದ. ಯಾಕೆಂದು ಕೇಳಿದಾಗ ಮಾತು ಮರೆಸಿ, ಕೊನೆಗೆ ಹೊರಟು ಬಂದಿದ್ದ.

ಎಂಟು ಮಳೆಗಾಲದ ಹಿಂದೆ, ಇದೇ ಧಾರವಾಡದ ಹತ್ತಿರ ಅಮ್ಮಿನಬಾವಿಯಾಚೆ ಹಳ್ಳ ಉಕ್ಕಿ ಬಸ್ಸೊಂದು ನಡುನೀರಿನಲ್ಲಿ ಸಿಕ್ಕಿಕೊಂಡಿತ್ತು. ಆ ಮಧ್ಯಾಹ್ನ ನೇರ ಪ್ರಸಾರದಲ್ಲಿದ್ದವನು ಶಶಿಕುಮಾರ. ಬಸ್ಸಿನಲ್ಲಿರುವವರು ಕರೆ ಮಾಡಿ ಎಂದು ಪರದೆಯ ಕೆಳಗೆ ನಂಬರು ಓಡುತ್ತಿತ್ತು. ಒಬ್ಬ ಹುಡುಗಿ ಕರೆ ಮಾಡಿದಳು. ಹೆಸರು ಶಾಂಭವಿ ಎಂದಳು. ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡಿದ್ದೇನೆ, ನೀರು ಏರುತ್ತಿದೆ, ಬೇಗ ಬಸ್ಸಿಗೆ ದೋಣಿ ಕಳಿಸಿ ಎಂದಳು.

ಹನ್ನೊಂದು ನಿಮಿಷ ಇಡೀ ನಾಡು ಉಸಿರು ಬಿಗಿಹಿಡಿದು ಕೇಳಿತು. ನಡುವೆ ಎರಡು ಸಲ ಅವಳು, "ಫೋನ್ ಇಡ್ಲೇನ್ರಿ?" ಎಂದಳು. ಎರಡು ಸಲವೂ ಅವನು, "ಇಡಬೇಡಮ್ಮ, ಮಾತಾಡ್ತಾ ಇರು" ಎಂದ. ಆಮೇಲೆ ಕರೆ ಕಡಿಯಿತು. ದೋಣಿ ಬಸ್ಸನ್ನು ಮುಟ್ಟಿದಾಗ ಒಳಗೆ ಯಾರೂ ಇರಲಿಲ್ಲ.

ನಾಲ್ಕು ಶವಗಳು ಸಿಕ್ಕವು. ಶಾಂಭವಿಯದು ಸಿಗಲಿಲ್ಲ. ಆ ಹೆಸರಿನ ಮಗಳು ಮನೆಗೆ ಬಂದಿಲ್ಲವೆಂದು ಯಾರೂ ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಕರೆ ಬಂದ ನಂಬರು ತೀರಿಹೋದ ಡ್ರೈವರನ ಹೆಸರಿನಲ್ಲಿತ್ತು. ಹುಡುಗಿ ಅವನ ಫೋನನ್ನೇ ಹಿಡಿದಿರಬೇಕು ಎಂದುಕೊಂಡು ಪೊಲೀಸರು ಕಡತ ಮುಚ್ಚಿದರು.

ವಾಹಿನಿಗೆ ಹೆಸರು ಬಂತು. ಶಶಿಕುಮಾರನಿಗೆ ಬಡ್ತಿ ಬಂತು, ನಿದ್ದೆ ಹೋಯಿತು. ಸುಮ್ಮನೆ ಬಿಟ್ಟಿದ್ದರೆ ಅವಳು ಕಿಟಕಿ ಒಡೆದು ಹೊರಬರುತ್ತಿದ್ದಳೇನೋ. ಮಾತಾಡಿಸಿ ಮಾತಾಡಿಸಿ ಕೊಂದೆ. ಹೆಂಡತಿಯ ಬಳಿಯೂ ಅವನು ಈ ಮಾತು ಆಡಿರಲಿಲ್ಲ. ಪ್ರತಿ ವರ್ಷ ಆ ದಿನ ವಾಹಿನಿ ಆ ಕರೆಯನ್ನು ಮತ್ತೆ ಕೇಳಿಸುತ್ತಿತ್ತು. ಪ್ರತಿ ವರ್ಷ ಅವನು ಆ ದಿನ ರಜೆ ಹಾಕುತ್ತಿದ್ದ.

ಜುಲ್ಫಿಕಾರನನ್ನು ಚಹಾಕ್ಕೆ ಕಳಿಸಿ, ಅವನು ಹುಡುಗಿಯನ್ನು ಒಳಗೆ ಕರೆದ. ಅರ್ಜಿಯಲ್ಲಿ ಹೆಸರು ಭಾಗ್ಯಾ ಎಂದಿತ್ತು. ಇಪ್ಪತ್ನಾಲ್ಕು ವರ್ಷ. ಊರು ಹೆಬ್ಬಳ್ಳಿ. ಅವಳು ಕುರ್ಚಿಯ ಅಂಚಿನಲ್ಲಿ ಕುಳಿತಳು. ನೆರಳು ಗೋಡೆಯ ಮೇಲೆ ಬಿದ್ದಿತ್ತು. ಅದನ್ನು ನೋಡಿ ದೆವ್ವವಲ್ಲವೆಂದು ಖಾತ್ರಿ ಮಾಡಿಕೊಂಡೆನಲ್ಲ ಎಂದು ಶಶಿಕುಮಾರನಿಗೆ ನಾಚಿಕೆಯಾಯಿತು.

"ಮೊದಲು ಎಲ್ಲಾದರೂ ಕೆಲಸ ಮಾಡಿದ್ದೀರಾ?"

"ಇಲ್ರಿ. ನಿಮ್ಮ ಚಾನೆಲ್‌ನ್ಯಾಗ ಒಮ್ಮೆ ಮಾತಾಡೇನಿ. ನೀವ ಮಾತಾಡಿಸಿದ್ರಿ."

ಹೊರಗೆ ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸೊಂದು ಸದ್ದಿಲ್ಲದೆ ಹಾದುಹೋಯಿತು.

"ಶಾಂಭವಿ," ಎಂದ ಅವನು.

"ಹೌದ್ರಿ." ಅವಳು ತಲೆ ಎತ್ತಲಿಲ್ಲ. "ನನ್ನ ದನಿ ನೀವು ಮರೆತಿರಂಗಿಲ್ಲ ಅಂತ ಗೊತ್ತಿತ್ತು. ಬೆಂಗಳೂರಿಗೆ ಎಷ್ಟು ಸರ್ತಿ ಫೋನ್ ಹಚ್ಚಿದೆ, ನಿಮಗ ಕೊಡಲಿಲ್ಲ. ಈಗ ನೀವ ನಮ್ಮ ಕಡೆ ಬಂದ್ರಿ, ಮಂದಿನ್ನ ಕರಿಯಾಕತ್ತಾರಂತ ಗೊತ್ತಾತು. ನಾ ಕೆಲಸಕ್ಕ ಬಂದಿಲ್ರಿ. ಹೇಳಾಕ ಬಂದೇನಿ."

ಶಶಿಕುಮಾರ ಎದ್ದು ನಿಂತ. ಎರಡೂ ಕೈ ಜೋಡಿಸಿದ. "ತಪ್ಪು ನಂದು. ಫೋನ್ ಇಡೋಕೆ ನಾನು ಬಿಡಲಿಲ್ಲ. ಹೇಗಮ್ಮ ಬದುಕಿದೆ ನೀನು?"

"ಕೈ ಇಳಸ್ರಿ ಸರ. ನಾ ಬಸ್ಸಿನ್ಯಾಗ ಇರಲೇ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ.

"ಮನ್ಯಾಗ ಟೀವಿ ಮುಂದ ಕುಂತಿದ್ದೆ. ಹದಿನಾರು ವರ್ಷ ನನಗ. ಮೊದಲ ಮೂರು ಸರ್ತಿ ಖರೇ ಹೇಳಿದೆ. ನಮ್ಮವರು ಆ ಬಸ್ಸಿನ್ಯಾಗದಾರ, ದೋಣಿ ಕಳಸ್ರಿ ಅಂದೆ. ಬಸ್ಸಿನ್ಯಾಗ ಇದ್ದವರಷ್ಟ ಮಾತಾಡ್ರಿ ಅಂತ ಕಟ್ ಮಾಡಿದ್ರು. ನಾಕನೇ ಸರ್ತಿಗೆ ಹೆಸರು ಬದಲಿಸಿ ನಾನ ಒಳಗದೇನಿ ಅಂದೆ. ಲಗೂನ ನಿಮಗ ಕೊಟ್ರು. ಆಮ್ಯಾಲ ಅಂಜಿಕಿ ಬಂತು. ಇಡ್ಲೇನ್ರಿ ಅಂದೆ. ನೀವು ಬ್ಯಾಡ ಅಂದ್ರಿ."

ಶಶಿಕುಮಾರ ಕುರ್ಚಿಯಲ್ಲಿ ಕುಸಿದು ಕುಳಿತ. ಎಂಟು ವರ್ಷ ಎದೆಯ ಮೇಲೆ ಕುಳಿತಿದ್ದ ಹುಡುಗಿ ಎದ್ದುಹೋದಳು. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಅವನು ಯಾರನ್ನೂ ಕೊಂದಿರಲಿಲ್ಲ. ನಗು ಬಂತು; ನಗುತ್ತಲೇ ಕಣ್ಣು ತುಂಬಿತು.

"ಇಷ್ಟೇನಾ?" ಎಂದ. "ಹುಚ್ಚು ಹುಡುಗಿ, ಮನೆಯವರ ಚಿಂತೆಗೆ ಒಂದು ಸುಳ್ಳು ಹೇಳಿದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲವಲ್ಲ."

ಅವನ ನಗು ನಿಲ್ಲುವವರೆಗೂ ಭಾಗ್ಯಾ ಕಾದಳು.

"ಡ್ರೈವರ್ ನಮ್ಮಪ್ಪರಿ," ಎಂದಳು. "ಬಸ್ಸಿನಿಂದ ಹೊರಗ ಬಂದು ಗಿಡದ ಟೊಂಗಿ ಹಿಡಕೊಂಡು ನಿಂತಿದ್ರಂತ. ಅವರ ಕಡೆ ಹೊಂಟಿದ್ದ ದೋಣಿ, ನನ್ನ ಮಾತು ಕೇಳಿ ಬಸ್ಸಿನ ಕಡೆ ಹೊಳ್ಳಿತ್ರಿ."